ಒಣಕೆರೆಯಲ್ಲೊಂದು ಪೊರಕೆ ಕೋಲು

ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನಿಂದ ಮಾಂಟೆರೆಯ ಕಡಲತಡಿಗೆ ಹೋಗುವ 68ನೇ ಹೆದ್ದಾರಿಯಲ್ಲಿ ಅರ್ಧ ದಾರಿ ಸಾಗಿದ ಮೇಲೆ ಬಲಗಡೆಗೆ ಕಡಿದಾದ ರಸ್ತೆಯೊಂದು ಗುಡ್ಡ ಹತ್ತುತ್ತದೆ. ಬೇಸಿಗೆಯಾದರೆ ಗುಡ್ಡದ ಹುಲ್ಲೆಲ್ಲ ಒಣಗಿ, ಕೊಯ್ಲು ಮುಗಿದ ರಾಗಿ ಹೊಲದ ಬಣ್ಣಕ್ಕೆ ತಿರುಗಿರುತ್ತದೆ. ನಡುನಡುವೆ ಗಿಡ್ಡನೆಯ ಓಕ್ ಮರಗಳು ಕೊಡೆ ಬಿಚ್ಚಿ ನಿಂತಿರುತ್ತವೆ. ಬೆಳಗಿನ ಏಳು ಗಂಟೆಗೆ ಸಮುದ್ರದ ಕಡೆಯಿಂದ ಬಂದ ಮಂಜು ಇನ್ನೂ ಕಣಿವೆ ಬಿಟ್ಟು ಎದ್ದಿರುವುದಿಲ್ಲ. ಗುಡ್ಡ ಏರಿ ಇಳಿದರೆ ಬೋಗುಣಿಯಂಥ ಒಂದು ತಗ್ಗು. ಅದೇ ಲಗೂನಾ ಸೆಕಾ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಒಣಕೆರೆ. ಹೆಸರಿನ ಅರ್ಥ ತಿಳಿದೊಡನೆ ನಮ್ಮ ಕಡೆಯ ಯಾವುದೋ ಹಳ್ಳಿಗೆ ಬಂದಂತೆನಿಸಿತು. ಆದರೆ ಈ ಒಣಕೆರೆಯ ಸುತ್ತ ದನ ಮೇಯುವುದಿಲ್ಲ. ಸುಮಾರು 3.6 ಕಿಲೋಮೀಟರ್ ಉದ್ದದ, ಹನ್ನೊಂದು ತಿರುವುಗಳ ಡಾಂಬರು ದಾರಿಯೊಂದು ಗುಡ್ಡ ಹತ್ತಿ, ಗುಡ್ಡ ಇಳಿದು, ಮೊದಲಿದ್ದಲ್ಲಿಗೇ ಬಂದು ಸೇರುತ್ತದೆ. ಮೋಟಾರು ಪಂದ್ಯಗಳ ಜಗತ್ತಿನಲ್ಲಿ ಈ ದಾರಿಯ ಹೆಸರು ಕೇಳದವರಿಲ್ಲ.

ಈ ದಾರಿ ಇಲ್ಲಿಗೆ ಬಂದದ್ದೇ ಒಂದು ಸಾವಿನಿಂದ. 1950ರ ದಶಕದಲ್ಲಿ ಇಲ್ಲಿಗೆ ಸಮೀಪದ ಪೆಬಲ್ ಬೀಚಿನಲ್ಲಿ, ಮರಗಳ ನಡುವಿನ ಸಾಮಾನ್ಯ ರಸ್ತೆಗಳಲ್ಲೇ ಕಾರು ಪಂದ್ಯ ನಡೆಯುತ್ತಿತ್ತು. 1956ರಲ್ಲಿ ಅರ್ನಿ ಮೆಕಾಫೀ ಎಂಬ ಚಾಲಕ ತನ್ನ ಫೆರಾರಿಯನ್ನು ಮರಕ್ಕೆ ಬಡಿದು ತೀರಿಕೊಂಡ. ರಸ್ತೆಯ ಪಂದ್ಯ ಅಲ್ಲಿಗೆ ನಿಂತಿತು. ಊರವರು ಹಣ ಕೂಡಿಸಿ, ಸೈನ್ಯದ ಫೋರ್ಟ್ ಆರ್ಡ್ ನೆಲೆಗೆ ಸೇರಿದ್ದ ಈ ಜಾಗದಲ್ಲಿ ಹೊಸ ದಾರಿ ಮಾಡಿದರು. 1957ರ ನವೆಂಬರಿನಲ್ಲಿ ಮೊದಲ ಪಂದ್ಯ ನಡೆಯಿತು. 1974ರಲ್ಲಿ ಜಾಗ ಮಾಂಟೆರೆ ಕೌಂಟಿಯ ಕೈಗೆ ಬಂತು. ಈಗ ಇದು ಸಾರ್ವಜನಿಕ ಉದ್ಯಾನ. ಗುಡ್ಡದ ಮೇಲೆ ಡೇರೆ ಹಾಕಿಕೊಂಡು ಇರಬಹುದು.

ಎಲ್ಲರೂ ನೋಡಲು ಬರುವುದು ಎಂಟನೆಯ ತಿರುವನ್ನು. ಅದಕ್ಕೆ ಕಾರ್ಕ್‌ಸ್ಕ್ರೂ ಎಂದು ಹೆಸರು; ಬಾಟಲಿಯ ಬಿರಡೆ ಕೀಳುವ ತಿರುಪಿನಂತೆ ಸುತ್ತಿಕೊಂಡು ಇಳಿಯುವುದರಿಂದ. ಗುಡ್ಡದ ನೆತ್ತಿಗೆ ಏರಿ ಬರುವ ಚಾಲಕನಿಗೆ ಎದುರಿಗೆ ರಸ್ತೆಯೇ ಕಾಣುವುದಿಲ್ಲ. ಆಕಾಶ ಮತ್ತು ಮರಗಳ ತುದಿ, ಅಷ್ಟೆ. ಥಟ್ಟನೆ ಎಡಕ್ಕೆ ತಿರುಗಬೇಕು, ತಿರುಗುತ್ತಿದ್ದಂತೆ ನೆಲ ಕಾಲಡಿಯಿಂದ ಜಾರುತ್ತದೆ, ಮತ್ತೆ ಬಲಕ್ಕೆ. ರಸ್ತೆಯ 137 ಮೀಟರಿನಲ್ಲಿ 18 ಮೀಟರ್ ಇಳಿತ. ಐದು ಅಂತಸ್ತಿನ ಕಟ್ಟಡದಷ್ಟು ಎತ್ತರ. ಹೈಸ್ಕೂಲು ಮಕ್ಕಳು ಸೂತ್ರ ಹಾಕಿ ನೋಡಬಹುದು: 18 ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 68 ಕಿಲೋಮೀಟರಿನಷ್ಟಿರುತ್ತದೆ. ಕಾರು ಮೊದಲೇ ಹೊತ್ತು ತಂದ ವೇಗ ಬೇರೆ.

ಮೋಟಾರು ಪಂದ್ಯದ ಗಂಧಗಾಳಿ ಇಲ್ಲದ ನಾನು ಅಲ್ಲಿಗೆ ಹೋದದ್ದು ಅಕ್ಕನ ಅಪ್ಪಣೆಯ ಮೇರೆಗೆ. ಅಕ್ಕನ ಮಗ ಸನ್ನಿವೇಲಿನಲ್ಲಿ ಕಂಪ್ಯೂಟರ್ ಎಂಜಿನಿಯರ್. ಎರಡು ವರ್ಷದ ಹಿಂದೆ ಮಾಜ್ದಾ ಕಂಪನಿಯ ಮಿಯಾಟಾ ಎಂಬ ಹಳೆಯ ಕಾರೊಂದನ್ನು ಕೊಂಡ. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಟಾಪು. ಅದನ್ನು ಲಗೂನಾ ಸೆಕಾದಲ್ಲಿ ಓಡಿಸುತ್ತೇನೆಂದು ಅವನು ಫೋನಿನಲ್ಲಿ ಹೇಳಿದಂದಿನಿಂದ ಅಕ್ಕನಿಗೆ ನಿದ್ದೆಯಿಲ್ಲ. "ನೀನು ಹೇಗೂ ಹೋಗ್ತಾ ಇದ್ದೀಯ. ಸೈನ್ಸ್ ಓದಿದವನು. ನೋಡು, ಸರಿ ಅನ್ನಿಸಿದರೆ ಹೂಂ ಅನ್ನು, ಇಲ್ಲದಿದ್ದರೆ ಕಿವಿ ಹಿಂಡು" ಎಂದು ಮೂರು ಸಲ ಹೇಳಿ ಕಳಿಸಿದಳು. ಮೂವತ್ತು ವರ್ಷದ ಹುಡುಗನ ಕಿವಿ ಹಿಂಡುವುದು ಹೇಗೆಂದು ಅವಳು ಹೇಳಲಿಲ್ಲ.

ಇದು ಪಂದ್ಯವಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಬಹುಮಾನವಿಲ್ಲ, ಒಂದನೇ ಎರಡನೇ ಸ್ಥಾನವಿಲ್ಲ. ಟ್ರ್ಯಾಕ್ ಡೇ ಎನ್ನುತ್ತಾರೆ. ಕ್ಲಬ್ಬೊಂದು ದಿನದ ಮಟ್ಟಿಗೆ ದಾರಿಯನ್ನು ಬಾಡಿಗೆಗೆ ಹಿಡಿಯುತ್ತದೆ; ಸದಸ್ಯರು ತಮ್ಮ ತಮ್ಮ ಕಾರು ತಂದು, ಪಕ್ಕದಲ್ಲಿ ಶಿಕ್ಷಕನನ್ನು ಕೂರಿಸಿಕೊಂಡು ಕಲಿಯುತ್ತಾರೆ. ಮುಂದಿನ ಕಾರಿನವನು ಕೈ ತೋರಿಸಿದರೆ ಮಾತ್ರ ಅದನ್ನು ದಾಟಬಹುದು. ಸದ್ದಿಗೂ ಮಿತಿಯುಂಟು, ಸುತ್ತಲಿನ ಮನೆಗಳವರಿಗಾಗಿ ದಾರಿಯ ಪಕ್ಕದಲ್ಲಿ ಸದ್ದು ಅಳೆಯುವ ಯಂತ್ರವಿಟ್ಟಿದ್ದಾರೆ, ಮೀರಿದ ಕಾರನ್ನು ಹೊರಗೆ ಕಳಿಸುತ್ತಾರೆ.

ಮಾಮೂಲಿ ಕಾರು ತಂದವನಿಗೆ ಪರೀಕ್ಷೆ ಸುಲಭ. ಬ್ರೇಕು, ಚಕ್ರದ ನಟ್ಟು, ಬೆಲ್ಟು, ಹೆಲ್ಮೆಟ್ ನೋಡಿ ಬಿಡುತ್ತಾರೆ. ಟಾಪು ಮಡಚುವ ಕಾರಿಗೆ ಮಾತ್ರ ಇನ್ನೊಂದು ಪರೀಕ್ಷೆ. ಕಾರಣ ಸರಳ: ಉಳಿದ ಕಾರಿಗೆ ಉಕ್ಕಿನ ಚಾವಣಿಯಿದೆ, ಇದಕ್ಕೆ ಬಟ್ಟೆ. ಚಾವಣಿ ಎಷ್ಟು ಭಾರ ತಡೆಯಬೇಕೆಂದು ಅಮೆರಿಕ ಸರಕಾರದ ನಿಯಮವೊಂದಿದೆ. ಕನ್ವರ್ಟಿಬಲ್ ಕಾರುಗಳಿಗೆ ಆ ನಿಯಮದಿಂದ ವಿನಾಯಿತಿ. ಇಲ್ಲದ ಚಾವಣಿಯನ್ನು ಪರೀಕ್ಷಿಸುವುದಾದರೂ ಹೇಗೆ? ಆದ್ದರಿಂದ ಇಂಥ ಕಾರನ್ನು ಟ್ರ್ಯಾಕಿಗೆ ಇಳಿಸುವವನು ಸೀಟಿನ ಹಿಂದೆ ರೋಲ್ ಬಾರ್ ಹಾಕಿಸಬೇಕು. ತಲೆಕೆಳಗಾದ 'ಯು' ಆಕಾರದ ದಪ್ಪ ಉಕ್ಕಿನ ಕೊಳವೆ ಅದು; ಬುಡವನ್ನು ಕಾರಿನ ನೆಲಕ್ಕೆ ತಗಡಿನ ಆಸರೆ ಕೊಟ್ಟು ಬೋಲ್ಟು ಮಾಡಿರುತ್ತಾರೆ. ಚೆಂದಕ್ಕೆಂದು ಸೀಟಿನ ಹಿಂದೆ ಕೂರಿಸುವ ಹೊಳೆಯುವ ಬಳೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾರ್ ಇದ್ದರೆ ಸಾಲದು, ಅದರ ಆಸರೆಯೊಳಗೆ ತಲೆ ಇರಬೇಕು. ಅದನ್ನು ನೋಡುವ ಉಪಕರಣ ಯಾವುದೆಂದುಕೊಂಡಿರಿ? ಪೊರಕೆ ಕೋಲು! ಬ್ರೂಮ್‌ಸ್ಟಿಕ್ ಟೆಸ್ಟ್ ಎಂದೇ ಅದರ ಹೆಸರು. ನಮ್ಮ ತೆಂಗಿನ ಕಡ್ಡಿಯ ಪೊರಕೆಗೆ ಹಿಡಿಯಿಲ್ಲ, ನಾವೇ ಬಗ್ಗುತ್ತೇವೆ. ಅಲ್ಲಿನವರ ಪೊರಕೆಗೆ ಎದೆಮಟ್ಟದ ನೇರ ಮರದ ಹಿಡಿ. ಅದರ ಒಂದು ತುದಿಯನ್ನು ರೋಲ್ ಬಾರಿನ ನೆತ್ತಿಯ ಮೇಲೂ ಇನ್ನೊಂದನ್ನು ಮುಂಗಾಜಿನ ಚೌಕಟ್ಟಿನ ಮೇಲಂಚಿಗೂ ಇಡುತ್ತಾರೆ. ಚಾಲಕ ಹೆಲ್ಮೆಟ್ ತೊಟ್ಟು, ಬೆಲ್ಟು ಬಿಗಿದು, ಓಡಿಸುವಾಗ ಕೂರುವಂತೆಯೇ ಕೂರಬೇಕು. ಹೆಲ್ಮೆಟ್ ಕೋಲಿಗೆ ತಾಗಬಾರದು. ಕೆಲವು ಕ್ಲಬ್ಬುಗಳಿಗೆ ಅಷ್ಟು ಸಾಕು. ನಮ್ಮ ಹುಡುಗ ಸೇರಿದ್ದ ಕ್ಲಬ್ಬು ಕೋಲಿಗೂ ಹೆಲ್ಮೆಟಿಗೂ ನಡುವೆ ಎರಡು ಇಂಚು ಖಾಲಿ ಜಾಗ ಕೇಳುತ್ತಿತ್ತು.

ಟ್ರ್ಯಾಕಿಗೆ ಹೋಗುವ ಮೂರು ವಾರ ಮೊದಲು ಅವನ ಮನೆಯ ಗ್ಯಾರೇಜಿನಲ್ಲಿ ನಾವಿಬ್ಬರೂ ಈ ಪರೀಕ್ಷೆ ಮಾಡಿದೆವು. ಕೋಲು ಹಿಡಿಯುವ ಕೆಲಸ ನನ್ನದು. ಅವನು ಹೆಲ್ಮೆಟ್ ಹಾಕಿ ಕೂತ. ಕೋಲು ಕೂರಲೇ ಇಲ್ಲ. ಹೆಲ್ಮೆಟ್ಟೇ ಅದನ್ನು ಅರ್ಧ ಇಂಚು ಎತ್ತಿ ಹಿಡಿದಿತ್ತು.

"ಮಾವ, ನಾನೇನು ಅಷ್ಟು ಉದ್ದ ಇಲ್ಲವಲ್ಲ. ನನ್ನ ಫ್ರೆಂಡ್ ಆರಡಿ ಒಂದಿಂಚು, ಇದೇ ಕಾರಲ್ಲಿ ಪಾಸಾದ" ಎಂದು ಗೊಣಗಿದ.

ಇವನು ಐದು ಅಡಿ ಹತ್ತು ಇಂಚು. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ನಿಂತ ಎತ್ತರವಲ್ಲ, ಕೂತ ಎತ್ತರ. ಕಾಲು ಉದ್ದವಿದ್ದವನು ಪಾಸು, ಬೆನ್ನು ಉದ್ದವಿದ್ದವನು ಫೇಲು. ನಮ್ಮ ವಂಶದಲ್ಲಿ ಎಲ್ಲರದೂ ಉದ್ದ ಬೆನ್ನು. ಬಸ್ಸಿನಲ್ಲಿ ಕೂತಾಗ ದೊಡ್ಡವರಂತೆ ಕಂಡು, ಇಳಿದು ನಿಂತಾಗ ಸಾಮಾನ್ಯರಾಗುವವರು.

ಇನ್ನೇನು ದಾರಿ? ಎತ್ತರದ ಬಾರ್ ಹಾಕಿಸುವುದು ಒಂದು, ಸೀಟು ಇಳಿಸುವುದು ಇನ್ನೊಂದು. ಇಲ್ಲಿ ಒಂಬತ್ತನೆಯ ತರಗತಿಯ ರೇಖಾಗಣಿತ ಕೆಲಸಕ್ಕೆ ಬಂತು. ಬಾರಿನಿಂದ ಮುಂಗಾಜಿನ ಅಂಚಿಗೆ ನಮ್ಮ ಟೇಪಿನಲ್ಲಿ ಹೆಚ್ಚುಕಡಿಮೆ 45 ಇಂಚು. ಹೆಲ್ಮೆಟಿನ ನೆತ್ತಿ ಬಾರಿನಿಂದ 9 ಇಂಚು ಮುಂದೆ. ಅಂದರೆ ಐದನೇ ಒಂದು ದೂರದಲ್ಲಿ. ಬಾರನ್ನು ಒಂದು ಇಂಚು ಎತ್ತರಿಸಿದರೆ ಕೋಲಿನ ಹಿಂದಿನ ತುದಿ ಒಂದು ಇಂಚು ಏರುತ್ತದೆ, ಮುಂದಿನ ತುದಿ ಇದ್ದಲ್ಲೇ ಇರುತ್ತದೆ. ತಲೆಯ ಮೇಲೆ ಸಿಗುವುದು ಐದರಲ್ಲಿ ನಾಲ್ಕು ಪಾಲು ಮಾತ್ರ. ಸೀಟನ್ನು ಒಂದು ಇಂಚು ಇಳಿಸಿದರೆ ಪೂರ್ತಿ ಒಂದು ಇಂಚೇ ಲಾಭ. ಜೊತೆಗೆ ಬಾರು ಬಹಳ ಎತ್ತರವಾದರೆ ಬಟ್ಟೆಯ ಟಾಪು ಮುಚ್ಚುವುದಿಲ್ಲ. ಸೀಟೇ ವಾಸಿ ಎಂದು ತೀರ್ಮಾನವಾಯಿತು.

ಮೊದಲು ಸೀಟಿನ ಹೊದಿಕೆ ಬಿಚ್ಚಿ ಒಳಗಿನ ಸ್ಪಂಜನ್ನು ಚಾಕುವಿನಿಂದ ಕೊಯ್ದ. ಬಹಳ ಮಂದಿ ಹಾಗೆ ಮಾಡುತ್ತಾರಂತೆ. ಒಂದು ಇಂಚು ಸಿಕ್ಕಿತು. ಬೇಕಾದದ್ದು ಎರಡೂವರೆ. ಕೊನೆಗೆ ಹಿಂದೆ ಮುಂದೆ ಸರಿಯುವ ಹಳಿಗಳ ಸಮೇತ ಸೀಟನ್ನೇ ತೆಗೆದು, ತೆಳುವಾದ ಬಕೆಟ್ ಸೀಟನ್ನು ನೆಲಕ್ಕೆ ಹತ್ತಿಸಿ ಬೋಲ್ಟು ಮಾಡಿಸಿದ. ಒಟ್ಟು ಎರಡೂಮುಕ್ಕಾಲು ಇಂಚು ಇಳಿಯಿತು. ಕೋಲಿಗೂ ತಲೆಗೂ ಎರಡೂಕಾಲು ಇಂಚು ಅಂತರ ಬಂತು. ಅವನ ಹೆಂಡತಿಗೆ ಮಾತ್ರ ಈಗ ಆ ಕಾರಿನ ಕ್ಲಚ್ಚು ಎಟುಕುವುದಿಲ್ಲ. ಆ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಈ ಲೇಖನಕ್ಕೆ ಬೇಡ.

ಇಷ್ಟೆಲ್ಲ ಒದ್ದಾಟ ಒಂದು ಕೋಲಿಗಾಗಿಯೇ ಎನ್ನಬಹುದು. ಕಾರನ್ನು ಮನಸ್ಸಿನಲ್ಲೇ ಬೋರಲು ಹಾಕಿ ನೋಡಿ. ಆಗ ಅದು ಯಾವುದರ ಮೇಲೆ ನಿಲ್ಲುತ್ತದೆ? ಹಿಂದೆ ರೋಲ್ ಬಾರ್, ಮುಂದೆ ಗಾಜಿನ ಚೌಕಟ್ಟು. ಎರಡನ್ನೂ ಮುಟ್ಟುವ ಗೆರೆಯೇ ನೆಲ. ಪರೀಕ್ಷಕನ ಕೈಯಲ್ಲಿರುವುದು ಕೋಲಲ್ಲ, ನೆಲ! ಹೆಲ್ಮೆಟ್ಟು ಕೋಲನ್ನು ಎತ್ತಿತು ಎಂದರೆ ಒಂದು ಟನ್ನಿನಷ್ಟು ತೂಕದ ಕಾರನ್ನು ಕತ್ತು ಹೊರಬೇಕು ಎಂದಾಯಿತು. ಮಕ್ಕಳು ಮನೆಯಲ್ಲೇ ಮಾಡಿ ನೋಡಲಿ: ಪುಸ್ತಕಗಳ ಎರಡು ಗುಡ್ಡೆ, ಮೇಲೊಂದು ಸ್ಕೇಲು, ನಡುವೆ ಒಂದು ನಿಂಬೆಹಣ್ಣು. ಹಣ್ಣು ಸ್ಕೇಲಿಗಿಂತ ತಗ್ಗಿದ್ದರೆ ಮೇಲಿಂದ ಎಷ್ಟು ಭಾರ ಹೇರಿದರೂ ಅದಕ್ಕೆ ಏನೂ ಆಗದು.

ಹಾಗಾದರೆ ಎರಡು ಇಂಚು ಏಕೆ? ಕಾರು ಮಗುಚಿದಾಗ ಮನುಷ್ಯ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಾನೆ. ಬೆಲ್ಟು ಹಿಗ್ಗುತ್ತದೆ, ಸೀಟಿನಲ್ಲಿ ಅದುಮಿಕೊಂಡಿದ್ದ ಮೈ ಸಡಿಲಗೊಂಡು ನೆಲದತ್ತ ಸರಿಯುತ್ತದೆ. ನೆಲ ಡಾಂಬರಾಗಿರದೆ ಮಣ್ಣಾಗಿದ್ದರೆ ಬಾರು ಅದರಲ್ಲಿ ಹೂತುಕೊಳ್ಳುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅನುಮಾನ ಮುಂಗಾಜಿನ ಚೌಕಟ್ಟಿನದು. ಅದು ಬಾರಿನಷ್ಟು ಗಟ್ಟಿಯಲ್ಲ, ಬಾಗಬಹುದು. ಆದರೆ ನಮ್ಮ ಐದನೇ ಒಂದರ ಲೆಕ್ಕ ಇಲ್ಲಿ ಚಾಲಕನ ಪರ ನಿಲ್ಲುತ್ತದೆ: ಮುಂದಿನ ತುದಿ ಐದು ಇಂಚು ಕುಸಿದರೂ ತಲೆಯ ಹತ್ತಿರ ಗೆರೆ ಕುಸಿಯುವುದು ಒಂದೇ ಇಂಚು. ತಲೆ ಬಾರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದೆನ್ನುವುದು ಇದಕ್ಕೇ. ಹಾಗೆಂದು ತೀರ ಹತ್ತಿರವಾದರೆ ಹಿಂದಿನಿಂದ ಗುದ್ದಿಸಿಕೊಂಡಾಗ ತಲೆ ಬಾರಿಗೇ ಬಡಿಯುತ್ತದೆ. ಅದಕ್ಕೆ ಬಾರಿಗೆ ದಪ್ಪ ಗಟ್ಟಿ ಸ್ಪಂಜಿನ ಹೊದಿಕೆ ಸುತ್ತುತ್ತಾರೆ.

ಇಷ್ಟು ತಗ್ಗಾದ ಕಾರು ಮಗುಚುವುದುಂಟೇ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಸಮತಟ್ಟಾದ ಡಾಂಬರಿನ ಮೇಲೆ ಅದು ಮಗುಚುವುದಕ್ಕಿಂತ ಮೊದಲು ಅಡ್ಡಡ್ಡ ಜಾರುತ್ತದೆ. ಅಪಾಯವಿರುವುದು ಜಾರುತ್ತ ಜಾರುತ್ತ ಡಾಂಬರು ಬಿಟ್ಟು ಮಣ್ಣಿಗೆ, ಜಲ್ಲಿಗೆ ಇಳಿದಾಗ. ಚಕ್ರದ ಪಕ್ಕ ಮಣ್ಣಿಗೆ ಕಚ್ಚಿಕೊಳ್ಳುತ್ತದೆ, ಮೇಲಿನ ಭಾಗ ಓಡುತ್ತಲೇ ಇರುತ್ತದೆ. ನಾವು ಹೊಸ್ತಿಲು ಎಡವಿ ಬೀಳುವುದಿಲ್ಲವೆ, ಅದೇ ಜಡತ್ವ.

ಬಾರಿನ ಕೊಳವೆಯ ಬಗ್ಗೆಯೂ ಒಂದು ಮಾತು. ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಎಫ್‌ಐಎ ಮುಖ್ಯ ಬಾರಿಗೆ 45 ಮಿಲಿಮೀಟರ್ ಹೊರವ್ಯಾಸ, 2.5 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ಹೇಳುತ್ತದೆ. ಇಲ್ಲವೇ 50 ವ್ಯಾಸ, 2 ದಪ್ಪ. ವ್ಯಾಸ ಹೆಚ್ಚಿದರೆ ದಪ್ಪ ಕಡಿಮೆ ಸಾಕು! ನಡುವಿನ ಲೋಹ ಬಾಗುವುದನ್ನು ಅಷ್ಟಾಗಿ ತಡೆಯುವುದಿಲ್ಲ, ಹೊರಗಿನದು ತಡೆಯುತ್ತದೆ. ಬಿದಿರು ಟೊಳ್ಳಾಗಿರುವುದೂ ಇದೇ ನ್ಯಾಯದಿಂದ. ಬಾರಿನ ನಡುವೆ ಓರೆಯಾಗಿ ಇನ್ನೊಂದು ಕೊಳವೆಯಿರುತ್ತದೆ. ನಾಲ್ಕು ಕಡ್ಡಿ ಕಟ್ಟಿದ ಚೌಕ ತಳ್ಳಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ ಎಂಬುದು ಮರದ ಗೇಟು ಮಾಡುವ ಬಡಗಿಗೂ ಗೊತ್ತು.

ಹೆಲ್ಮೆಟಿನ ಕಥೆಯೂ ಇದೇ ಕ್ಯಾಲಿಫೋರ್ನಿಯಾದ್ದು. 1956ರಲ್ಲಿ, ಮೆಕಾಫೀ ಸತ್ತ ವರ್ಷವೇ, ರಾಜ್ಯದ ಉತ್ತರದ ಆರ್ಕೇಟ ಎಂಬಲ್ಲಿ ಪಂದ್ಯವೊಂದರಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ಚಾಲಕ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಆದರೆ ಅದು ಕಾಯಲಿಲ್ಲ. ಮರುವರ್ಷ ಅವನ ಗೆಳೆಯರು ಡಾ. ಜಾರ್ಜ್ ಸ್ನೈವ್ಲಿ ಎಂಬ ವೈದ್ಯರ ಜೊತೆ ಸೇರಿ ಅವನ ಹೆಸರಿನ ಪ್ರತಿಷ್ಠಾನ ಕಟ್ಟಿ, ಹೆಲ್ಮೆಟುಗಳನ್ನು ಬಡಿದು ಪರೀಕ್ಷಿಸತೊಡಗಿದರು. ಇಂದೂ ಟ್ರ್ಯಾಕಿನಲ್ಲಿ ಮೊದಲು ಹುಡುಕುವುದು ಒಳಗೆ ಅಂಟಿಸಿದ ಸ್ನೆಲ್ ಚೀಟಿಯನ್ನು. ಬೈಕಿನ ಹೆಲ್ಮೆಟಿಗೆ 'ಎಂ' ಗುರುತು, ಕಾರಿನದಕ್ಕೆ 'ಎಸ್‌ಎ'. ಎರಡನೆಯದನ್ನು ಬೆಂಕಿಗೆ ಹಿಡಿದು ನೋಡುತ್ತಾರೆ, ರೋಲ್ ಬಾರಿನಂಥ ಉಕ್ಕಿನ ದಂಡದ ಮೇಲೆ ಬಡಿದೂ ನೋಡುತ್ತಾರೆ. ಹೆಲ್ಮೆಟ್ಟು ಹೇಗೂ ಆ ಬಾರಿಗೆ ಒಂದಲ್ಲ ಒಂದು ದಿನ ತಾಗುವುದೇ ಎಂದು ಮುಂಚೆಯೇ ಒಪ್ಪಿಕೊಂಡ ಪರೀಕ್ಷೆ ಇದು.

ಆ ಶನಿವಾರ ಸನ್ನಿವೇಲಿನಿಂದ ನಸುಕಿನಲ್ಲೇ ಹೊರಟು, ಗಿಲ್ರಾಯ್ ಊರಿನ ಬೆಳ್ಳುಳ್ಳಿಯ ವಾಸನೆ ಕುಡಿಯುತ್ತ, ಸಲೀನಾಸಿನ ಸೊಪ್ಪಿನ ಹೊಲಗಳನ್ನು ದಾಟಿ ಏಳಕ್ಕೆ ತಲುಪಿದೆವು. ಪರೀಕ್ಷೆಯ ಸಾಲಿನಲ್ಲಿ ಇಪ್ಪತ್ತು ಕಾರು. ಪರೀಕ್ಷಕ ಎಪ್ಪತ್ತರ ಆಸುಪಾಸಿನ ಮುದುಕ. ಕೈಯಲ್ಲಿ ನಿಜವಾಗಿಯೂ ಪೊರಕೆಯ ಹಿಡಿ, ಅದರಲ್ಲಿ ಹಸಿರು ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿತ್ತು. ನಮಗಿಂತ ಎರಡು ಕಾರು ಮುಂದೆ ಕಾಲೇಜು ಹುಡುಗನೊಬ್ಬ ಇನ್ನೊಂದು ಮಿಯಾಟಾ ತಂದಿದ್ದ. ಕೋಲು ಬಂದಾಗ ಸೊಂಟ ಮುಂದೆ ಜಾರಿಸಿ ಕುಗ್ಗಿ ಕೂತ. ನಮ್ಮಲ್ಲಿ ಪೊಲೀಸ್ ಭರ್ತಿಯಲ್ಲಿ ಎತ್ತರ ಅಳೆಯುವಾಗ ಹಿಮ್ಮಡಿ ಎತ್ತುವವರಿಲ್ಲವೆ, ಅದರ ತಿರುಗುಮುರುಗು. ಮುದುಕ ನಗಲೂ ಇಲ್ಲ, ಗದರಲೂ ಇಲ್ಲ. ಬೆಲ್ಟು ಬಿಗಿಮಾಡು ಎಂದ, ಸ್ಟೀರಿಂಗ್ ಹಿಡಿ ಎಂದ, ಕ್ಲಚ್ಚು ಪೂರ್ತಿ ಒತ್ತು ಎಂದ. ಅಷ್ಟಕ್ಕೆ ಬೆನ್ನು ತಾನಾಗಿ ನೆಟ್ಟಗಾಯಿತು. ಹೆಲ್ಮೆಟ್ಟು ಕೋಲಿಗೆ ತಾಗಿತು. ಹುಡುಗ ಬೇಡಿಕೊಂಡ, ಕಟ್ಟಿದ ದುಡ್ಡಿನ ಮಾತೆತ್ತಿದ. ಮುದುಕ ತಲೆಯಾಡಿಸಿ ಮುಂದಿನ ಕಾರಿಗೆ ನಡೆದ. ನಮ್ಮವನ ಸರದಿ ಬಂದಾಗ ಕೋಲಿನ ಕೆಳಗೆ ಎರಡು ಬೆರಳು ತೂರಿಸಿ ನೋಡಿ, ಗಾಜಿಗೆ ಚೀಟಿ ಅಂಟಿಸಿದ.

ಈ ಮುದುಕನದು ಹಟಮಾರಿತನ ಎನ್ನುವವರು 2022ರ ಜುಲೈ 3ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಆದದ್ದನ್ನು ನೆನೆಯಬೇಕು. ಚೀನಾದ ಝೋ ಗ್ವಾನ್‌ಯು ಓಡಿಸುತ್ತಿದ್ದ ಫಾರ್ಮುಲಾ ಒನ್ ಕಾರು ಮಗುಚಿ, ಬೋರಲಾಗಿ ಜಾರಿ, ಟೈರುಗಳ ತಡೆಗೋಡೆಯನ್ನೇ ಹಾರಿತು. ಎಲ್ಲ ಪರೀಕ್ಷೆಗಳನ್ನೂ ಪಾಸು ಮಾಡಿದ್ದ ಅದರ ರೋಲ್ ಬಾರು ಮುರಿದುಹೋಯಿತು. ಅವನನ್ನು ಉಳಿಸಿದ್ದು ತಲೆಯ ಸುತ್ತಲಿನ ಹೇಲೋ ಎಂಬ ಉಂಗುರ, 2018ರಿಂದ ಕಡ್ಡಾಯವಾದದ್ದು. ಮರುವರ್ಷವೇ ನಿಯಮ ಬದಲಿಸಿ, ಬಾರಿನ ನೆತ್ತಿ ನೆಲಕ್ಕೆ ಚುಚ್ಚಿಕೊಳ್ಳದಂತೆ ದುಂಡಗಿರಬೇಕು ಎಂದರು. 1961ರಲ್ಲಿ ಫಾರ್ಮುಲಾ ಒನ್ನಿಗೆ ರೋಲ್ ಬಾರ್ ಕಡ್ಡಾಯವಾದಾಗ ಎಷ್ಟೋ ಕಾರುಗಳಲ್ಲಿ ಅದು ಚಾಲಕನ ತಲೆಗಿಂತ ತಗ್ಗಾಗಿಯೇ ಇತ್ತು. ಪೊರಕೆ ಕೋಲು ಇಟ್ಟು ನೋಡುವವರು ಆಗ ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ ಬಿಸಿಲು ಬಂತು. ನಾನು ಧೂಳಿನ ದಾರಿ ಹತ್ತಿ ಕಾರ್ಕ್‌ಸ್ಕ್ರೂ ಪಕ್ಕದ ಗುಡ್ಡದ ಮೇಲೆ ಕೂತೆ. ಫೇಲಾದ ಹುಡುಗನೂ ಅಲ್ಲೇ ಇದ್ದ. ಬೆಳಿಗ್ಗೆ ಶಿಕ್ಷಕರೊಬ್ಬರ ಚಾವಣಿಯ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ನಾಲ್ಕು ಸುತ್ತು ಬಂದನಂತೆ, ಸಿಟ್ಟು ಇಳಿದಿತ್ತು. ಎಷ್ಟು ಕಡಿಮೆ ಬಿತ್ತು ಎಂದು ಕೇಳಿದೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಜಾಗ ಮಾಡಿ ತೋರಿಸಿದ. ಸೀಟು ಇಳಿಸುವ ಉಪಾಯವನ್ನೂ ಐದನೇ ಒಂದರ ಲೆಕ್ಕವನ್ನೂ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಮೂವತ್ತು ವರ್ಷದ ಚಾಳಿ, ಬಿಡುವುದಿಲ್ಲ. ಅವನು ಅದರ ಫೋಟೋ ಹಿಡಿದುಕೊಂಡ. ಅಷ್ಟರಲ್ಲಿ ನಮ್ಮವನ ಕಾರು ನೆತ್ತಿಯ ಮೇಲೆ ಕಾಣಿಸಿಕೊಂಡು, ಎಡಕ್ಕೆ ವಾಲಿ, ನೆಲ ಬಾಯ್ತೆರೆದು ನುಂಗಿದಂತೆ ಕೆಳಗಿಳಿದು, ಬಲಕ್ಕೆ ತಿರುಗಿ ಹೋಯಿತು. ಮೇಲಿನಿಂದ ನೋಡುವಾಗ ಬಿಳಿ ಹೆಲ್ಮೆಟ್ಟೂ ಅದರ ಹಿಂದೆ ಕಪ್ಪು ಬಾರೂ ಕಾಣುತ್ತಿದ್ದವು. ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ, ಅವೆರಡರ ಮೇಲಿತ್ತು.

ರಾತ್ರಿ ಅಕ್ಕನಿಗೆ ಫೋನು ಮಾಡಿದೆ. ಅಲ್ಲಿ ಬೆಳಗು. ಅಪಾಯವೇ ಇಲ್ಲವೆಂದು ಹೇಳಲಾರೆ, ಆದರೆ ನೋಡುವವರು ಕಣ್ಣು ಮುಚ್ಚಿಕೊಂಡು ನೋಡುವುದಿಲ್ಲ ಎಂದೆ. ಕೋಲಿನ ವಿಷಯವನ್ನೆಲ್ಲ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡಳು.

"ಎಷ್ಟು ಜಾಗ ಇತ್ತು ಅಂದೆ?"

"ಎರಡೂಕಾಲು ಇಂಚು."

"ಬೇಕಾದ್ದು ಎರಡೇ ಅಲ್ಲವೇನೋ? ಸರಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ಹೋಗೋ ಮೊದಲು ಕಟಿಂಗ್ ಮಾಡಿಸಿಕೊಳ್ಳೋಕೆ ಹೇಳು. ಆ ಕೂದಲು ಬೇರೆ ಒಂದು ಇಂಚು ಇದೆ."